ಆ 300 ಎಲ್ಲಿಂದ ಬಂತು?

ಚಿ. ಪುಟ್ಟನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನನ್ನು ಗೋಡೌನಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಮಾಡಿದ್ದಾರೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯಿತು. ಹಿಂದೆಯೇ ಇನ್ನೊಂದು ಮಾತೂ ಹೇಳಿದ. ಒಬ್ಬೊಬ್ಬರು ರ‍್ಯಾಕಿನಿಂದ ತೆಗೆಯಬೇಕಾದ ಟಾರ್ಗೆಟ್ ಗಂಟೆಗೆ 300 ಐಟಂ, ಹುಡುಗರು 240 ದಾಟುತ್ತಿಲ್ಲ, ನಿನಗೆ ನಿದ್ದೆ ಬರುತ್ತಿಲ್ಲ ಅಂತ. ಅದಕ್ಕೇ ಈ ಕಾಗದ.

ಸುಮ್ನೆ ಲೆಕ್ಕ ಹಾಕಿ ನೋಡು. ಗಂಟೆಗೆ 300 ಅಂದರೆ ಒಂದಕ್ಕೆ 12 ಸೆಕೆಂಡು. ಅಷ್ಟರಲ್ಲಿ ರ‍್ಯಾಕ್ ಹತ್ತಿರ ಹೋಗಬೇಕು, ಬಗ್ಗಬೇಕು, ಸ್ಕ್ಯಾನ್ ಮಾಡಬೇಕು, ಬುಟ್ಟಿಗೆ ಹಾಕಬೇಕು. ಐದು ನಿಮಿಷ ಟಾಯ್ಲೆಟ್‌ಗೆ ಹೋಗಿಬಂದರೆ 25 ಐಟಂ ಹೋಯಿತು. ಬಾರ್‌ಕೋಡ್ ಹರಿದಿದ್ದರೂ, ಮಾಲು ಬೇರೆ ಜಾಗದಲ್ಲಿದ್ದರೂ ತಪ್ಪು ಆ ಹುಡುಗನ ತಲೆಗೇ. ಸ್ಕ್ಯಾನರ್‌ಗೆ ಕೈ ನಿಂತದ್ದು ಗೊತ್ತಾಗುತ್ತದೆ, ಯಾಕೆ ನಿಂತಿತು ಅಂತ ಗೊತ್ತಾಗುವುದಿಲ್ಲ.

ನಾನು ಆ ಕೆಲಸದಲ್ಲಿದ್ದಾಗ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಟಾಯ್ಲೆಟ್ ಇದ್ದದ್ದು ಗೋಡೌನಿನ ಆ ತುದಿಯಲ್ಲಿ. ಸೊಂಟ ಹಿಡಿದಾಗಲೂ ಬಾಯಿ ಬಿಡಲಿಲ್ಲ. ಹೇಳಿದರೆ ನಿಧಾನದವರ ಪಟ್ಟಿಗೆ ಹೆಸರು ಹೋಗುತ್ತಿತ್ತು. ಮಾತ್ರೆ ನುಂಗಿ ಮೂರು ವಾರ ತಳ್ಳಿದೆ. ಒಂದು ದಿನ ಕೆಳಗಿನ ರ‍್ಯಾಕಿನಿಂದ ಪೆಟ್ಟಿಗೆ ಎತ್ತಿ ಹಾಗೇ ತಿರುಗಿದೆ, ಅಷ್ಟೇ. ನೆಟ್ಟಗಾಗಲು ಆಗಲಿಲ್ಲ. ಪೆಟ್ಟಿಗೆ ಹತ್ತು ಕಿಲೋ ಕೂಡ ಇರಲಿಲ್ಲ. ಈಗಲೂ ನಿನ್ನ ಚಿಕ್ಕಮ್ಮ ನನ್ನನ್ನು ಬಕೆಟ್ ಮುಟ್ಟಲು ಬಿಡುವುದಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಸೂತ್ರದಲ್ಲಿ ಎತ್ತುವ ಭಾರದ ಮಿತಿ 23 ಕಿಲೋ. ಅದೂ ಎಲ್ಲ ಸರಿಯಿದ್ದಾಗ, ಅಂದರೆ ಮೈಗೆ ಹತ್ತಿರ ಹಿಡಿದು, ತಿರುಗದೆ, ಬಿಡುವು ಕೊಟ್ಟು ಎತ್ತುವಾಗ. ನೆಲದಿಂದ ಎತ್ತಿದರೆ ಮಿತಿ ಇಳಿಯುತ್ತದೆ. ತಿರುಗಿದರೆ ಇನ್ನೂ ಇಳಿಯುತ್ತದೆ. ನಿಮಿಷಕ್ಕೆ ಹತ್ತು ಸಲ ಎತ್ತಿದರೆ ಮತ್ತಷ್ಟು. ಟಾರ್ಗೆಟ್ ಏರಿಸಿದಾಗ ಪೆಟ್ಟಿಗೆಯ ತೂಕ ಇಳಿಸಿದವರನ್ನು ನಾನಂತೂ ಕಂಡಿಲ್ಲ.

ಈಗ ನೀನು ಕೇಳಬೇಕಾದ ಪ್ರಶ್ನೆ. ಆ 300 ಎಲ್ಲಿಂದ ಬಂತು? ಯಾರನ್ನು ಅಳೆದರು? ಶಿಫ್ಟಿನ ಮೊದಲ ಗಂಟೆಯಲ್ಲೋ, ಎಂಟನೆಯದರಲ್ಲೋ? ಇದು ಹಳೇ ಆಟ. ಫ್ರೆಡರಿಕ್ ಟೇಲರ್ ಅನ್ನುವ ಅಮೆರಿಕದ ಎಂಜಿನಿಯರ್ 1911ರಲ್ಲಿ ಬರೆದ ಪುಸ್ತಕದಲ್ಲಿ, ಕಬ್ಬಿಣದ ಗಟ್ಟಿ ಹೊರುವವರ ದಿನದ ಕೆಲಸವನ್ನು 12.5 ಟನ್‌ನಿಂದ 47.5 ಟನ್‌ಗೆ ಏರಿಸಿದೆ ಅಂತ ಹೇಳಿಕೊಂಡರು. ಅದೇ ಪುಸ್ತಕದಲ್ಲಿ ಎಂಟು ಜನರಲ್ಲಿ ಒಬ್ಬನಿಗೆ ಮಾತ್ರ ಅಷ್ಟು ಹೊರುವ ಶಕ್ತಿ ಇತ್ತು ಅಂತಲೂ ಇದೆ. ಆ ಕಥೆಯೇ ಪೂರ್ತಿ ನಿಜವಲ್ಲ ಅಂತ ಆಮೇಲಿನ ಇತಿಹಾಸಕಾರರು ತೋರಿಸಿದ್ದು ಬೇರೆ ಮಾತು. ನಿನ್ನ 300 ಕೂಡ ಅಂಥ ಒಬ್ಬನದೇ ಇರಬಹುದು, ಅಲ್ವಾ? ಉಳಿದ ಏಳು ಜನರನ್ನು ಸೋಮಾರಿಗಳು ಅನ್ನುವ ಮೊದಲು ಅದನ್ನು ವಿಚಾರಿಸು.

ಹೀಗೆ ಕೇಳುವುದು ಹುಚ್ಚುತನವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ದೊಡ್ಡ ಗೋಡೌನುಗಳು ಟಾರ್ಗೆಟ್ಟನ್ನು ಕೆಲಸಗಾರರಿಗೆ ಬರೆದು ಕೊಡಬೇಕು. ಊಟದ ವಿರಾಮಕ್ಕೆ, ಟಾಯ್ಲೆಟ್‌ಗೆ ಅಡ್ಡಿಯಾಗುವ ಟಾರ್ಗೆಟ್ ಮುಟ್ಟಲಿಲ್ಲ ಅಂತ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಫ್ರಾನ್ಸಿನ ಖಾಸಗಿತನ ಕಾಯುವ ಸಂಸ್ಥೆ 2023ರ ಕೊನೆಯಲ್ಲಿ ಅಮೆಜಾನ್‌ನ ಅಲ್ಲಿನ ಗೋಡೌನ್ ಕಂಪನಿಗೆ 3.2 ಕೋಟಿ ಯೂರೋ ದಂಡ ಹಾಕಿತು. ಸ್ಕ್ಯಾನರ್ ಹಿಡಿದು ಒಬ್ಬೊಬ್ಬರ ಬಿಡುವನ್ನು ಅಷ್ಟು ಕೂಲಂಕಷವಾಗಿ ಅಳೆದದ್ದು ಅತಿಯಾಯಿತು ಅನ್ನುವುದು ಅದರ ಮುಖ್ಯ ಆಕ್ಷೇಪಗಳಲ್ಲಿ ಒಂದು.

ನಿನ್ನ ತಲೆ ಮೇಲೂ ಟಾರ್ಗೆಟ್ ಇದೆ, ಗೊತ್ತು. ಮ್ಯಾನೇಜರ್ ಹತ್ತಿರ ಜಗಳಕ್ಕೆ ನಿಲ್ಲು ಅನ್ನುವುದಿಲ್ಲ. ಒಂದು ಪೂರ್ತಿ ಶಿಫ್ಟ್ ನೀನೇ ಸ್ಕ್ಯಾನರ್ ಹಿಡಿ. ಗಂಟೆ ಗಂಟೆಗೂ ಎಷ್ಟಾಯಿತು, ಎಲ್ಲಿ ನಿಂತೆ, ಯಾಕೆ ನಿಂತೆ ಬರೆದಿಡು. ಆ ಹಾಳೆ ತೆಗೆದುಕೊಂಡು ಹೋಗಿ ಮಾತಾಡು. ಬಾಯಿಮಾತಿಗೆ ಅವರು ತಲೆ ಅಲ್ಲಾಡಿಸಿ ಕಳಿಸುತ್ತಾರೆ. ಯಾರಾದರೂ ನೋವು ಅಂದರೆ ಅವತ್ತೇ ರಿಜಿಸ್ಟರ್‌ನಲ್ಲಿ ಬರೆಸು, ನಾಳೆ ನೋಡೋಣ ಅನ್ನಬೇಡ. ನನ್ನ ಸೂಪರ್‌ವೈಸರ್ ಹಾಗೇ ಅಂದಿದ್ದರು. ಕೆಟ್ಟವರಲ್ಲ, ಪಾಪ, ಅವರಿಗೂ ಹೆದರಿಕೆ.

ಭಾನುವಾರ ಫೋನ್ ಮಾಡು. ಎಂಟನೇ ಗಂಟೆಯಲ್ಲಿ ನಿನ್ನದು ಎಷ್ಟಾಯಿತು ಅಂತ ನನಗೆ ಹೇಳು.

ಇಂತಿ ನಿನ್ನ
ಚಿಕ್ಕಪ್ಪ