ಸುರಂಗವೂ ಸಿರಿಂಜೂ

ಆತ್ಮೀಯರೇ,

ಈ ಸಲ ಊರಿಗೆ ಹೋದಾಗ ಮಗಳನ್ನು ಬೀದರ್ ಪಕ್ಕದ ನೌಬಾದಿಗೆ ಕರ್ಕೊಂಡು ಹೋಗಿದ್ದೆ, ಸುರಂಗ ಬಾವಿ ತೋರಿಸೋಕೆ. ದೂರದಿಂದ ನೋಡಿದರೆ ಬಯಲಲ್ಲಿ ಸಾಲಾಗಿ ಬಾವಿಗಳು, ಅಷ್ಟೇ. ಬಗ್ಗಿ ನೋಡಿದರೆ ಕೆಂಪು ಜಂಬಿಟ್ಟಿಗೆಯನ್ನು ಕಡಿದು ಮಾಡಿದ ಗೋಡೆ, ತಳದಲ್ಲಿ ಒಂದು ಬಾವಿಯಿಂದ ಇನ್ನೊಂದಕ್ಕೆ ಕೊರೆದ ಕಾಲುವೆ. "ಅಪ್ಪಾ, ಇದು ಬಾವಿನಾ, ಟನಲ್ಲಾ?" ಅಂದಳು. ಎರಡೂ ಹೌದು. ಹೆಸರಲ್ಲೇ ಎರಡೂ ಇದೆ.

ಎತ್ತರದ ಜಾಗದಲ್ಲಿ ನೀರು ಸಿಗೋ ತನಕ ಒಂದು ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ನೆಲದೊಳಗೇ ತುಸು ಇಳಿಜಾರಾಗಿ ಕಾಲುವೆ. ಮಣ್ಣು ಮೇಲೆತ್ತಲು, ಗಾಳಿ ಬೆಳಕಿಗೆ ನಡುನಡುವೆ ಬಾವಿಗಳು. ಹಗ್ಗ ಬೇಡ, ಕೊಡ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಬಿಸಿಲಿಗೆ ಆರುವುದೂ ಕಡಿಮೆ. ಬೀದರಿನ ಬೇಸಿಗೆ ಕಂಡವರಿಗೆ ಇದರ ಬೆಲೆ ಗೊತ್ತು.

ವಿದ್ಯೆ ಪರ್ಷಿಯಾದ್ದು, ಅಲ್ಲಿಯ ಹೆಸರು ಕಾರೇಜ್. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದರು. ಆಗ ಪರ್ಷಿಯಾದ ಕಡೆಯಿಂದ ಬಹಳ ಜನ ಬಂದರು. ಬಹಮನಿಗಳ ಮಂತ್ರಿ ಮಹಮೂದ್ ಗಾವಾನ್ ಕೂಡ ಪರ್ಷಿಯಾದ ಗೀಲಾನಿನವನೇ. ಆದರೆ ನಾನು ಚಿಕ್ಕವನಿದ್ದಾಗ ಕಾರೇಜ್ ಅನ್ನೋ ಮಾತು ಕೇಳಿದ್ದೇ ಇಲ್ಲ. ಎಲ್ಲರ ಬಾಯಲ್ಲೂ ಸುರಂಗ ಬಾವಿ.

ಈ 'ಸುರಂಗ' ಇಲ್ಲಿಯದೇ ಅಂದ್ಕೊಂಡಿದ್ದೆ. ಅರಗಿನ ಮನೆಯಿಂದ ಪಾಂಡವರು ಪಾರಾದದ್ದು ಸುರಂಗದಲ್ಲೇ ಅಲ್ವಾ? ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ 'ಸುರುಂಗಾ' ಬರುತ್ತದೆ. ಆದರೆ ಅದರ ಬೇರು ಗ್ರೀಕಿನ 'ಸಿರಿಂಕ್ಸ್' ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಸಿರಿಂಕ್ಸ್ ಅಂದರೆ ಕುರಿ ಕಾಯುವವರು ಊದುವ ಕೊಳಲು. ಆಮೇಲೆ ಕೊಳವೆಯಂಥದ್ದಕ್ಕೆಲ್ಲ ಆ ಹೆಸರು ಅಂಟಿತು, ನೆಲದೊಳಗಿನ ದಾರಿಗೂ. ಅದೇ ಮಾತು ಲ್ಯಾಟಿನ್ ಹಾದು ಇಂಗ್ಲಿಷಿಗೆ ಹೋಗಿ ಡಾಕ್ಟರ ಕೈಯ ಸಿರಿಂಜಾಯಿತು. ಸುರಂಗ, ಸಿರಿಂಜು ಅಕ್ಕತಂಗಿಯರು ಅಂದರೆ ಮಗಳು ನಂಬಲೇ ಇಲ್ಲ! ಹಿಂದಿಯಲ್ಲಂತೂ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿಗೂ ಸುರಂಗ್ ಅಂತಾರೆ. ಕೋಟೆಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬುತ್ತಿದ್ದರಲ್ಲ, ಅದಕ್ಕೆ.

ಅಂದರೆ ಪರ್ಷಿಯಾದಿಂದ ಬಂದ ಬಾವಿಗೆ ನಮ್ಮೂರವರು ಗ್ರೀಸಿನಿಂದ ಬಂದ ಹೆಸರಿಟ್ಟರು, ನಮ್ಮದೇ ಮಾತು ಅಂತ ತಿಳಿದು. ಅವರು ತಿಳಿದದ್ದು ಸರಿಯಾಗಿಯೇ ಇದೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮಾತಲ್ಲಿ ಉರ್ದು, ಮರಾಠಿ, ತೆಲುಗು ಕಲೆತಿದೆ, ಅದು ಶುದ್ಧ ಕನ್ನಡ ಅಲ್ಲ ಅಂತ ನಮ್ಮ ಕೂಟದಲ್ಲೇ ಕೇಳಿದ್ದೇನೆ. ಮನಸ್ಸಿಗೆ ನೋವಾಗುತ್ತದೆ. ನಮ್ಮವ್ವ "ಜಲ್ದಿ ಬಾರೋ" ಅಂತ ಕರೆದಾಗ ನನಗೆ ಕೇಳಿಸಿದ್ದು ಕನ್ನಡವೇ.

ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವುದಕ್ಕೂ ಸುರಂಗ ಅಂತಲೇ ಹೆಸರು. ಆ ಕಡೆಯವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನಿಮ್ಮ ತೋಟದ ಸುರಂಗದ ಬಗ್ಗೆ ಮುಂದಿನ ಸಂಚಿಕೆಗೆ ಬರೆದುಕೊಡಿ. ಫೋಟೋ ಇದ್ದರೆ ಅದನ್ನೂ ಕಳಿಸಿ.

ನಿಮ್ಮ,
ಸಂಪಾದಕ