ಧ್ಯಾನ್ ಕಿಧರ್ ಹೈ ಸಾರ್? ಶಿಡ್ಲಘಟ್ಟದಿಂದ ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ತುಮಕೂರಲ್ಲಿ ನೀನೂ ಫಾರಿನ್ ಮಕ್ಕಳನ್ನ ನಮ್ಮ ಮಕ್ಕಳ ಜೊತೆ ಕೂರಿಸ್ಕೊಂಡು ಮೈಂಡ್‌ಫುಲ್‌ನೆಸ್ಸು (ಮಾಡ್ತಿರೋದ್ರ ಮೇಲೇ ಪೂರ್ತಿ ಗಮನ ಇಡೋದು), ಮಾನವ ಘನತೆ ಅಂತ ಕ್ಯಾಂಪ್ ಮಾಡ್ತೀನಿ, ಶಿಡ್ಲಘಟ್ಟದ ನಿಮ್ಮ ಕ್ಯಾಂಪಿನ ಟೈಮ್‌ಟೇಬಲ್ ಕಳ್ಸು ಅಂದಿದ್ದೆ. ಕಳ್ಸಲ್ಲ ಕಣೋ, ಮೂರನೇ ದಿನಕ್ಕೇ ಅದು ಮೂಲೆ ಸೇರ್ತು. ಅದರ ಬದ್ಲು ಏನಾಯ್ತು ಅಂತ ಹೇಳ್ತೀನಿ, ಬೇರೆ ಮೇಷ್ಟ್ರುಗಳೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ.

ಮೊದಲ್ನೇ ದಿನ ಒಣದ್ರಾಕ್ಷಿ. ಗೊತ್ತಲ್ಲ, ಒಂದೇ ಒಂದು ದ್ರಾಕ್ಷಿ ಕೈಲಿಟ್ಕೊಂಡು ನೋಡಿ, ಮೂಸಿ, ನಿಧಾನಕ್ಕೆ ಅಗಿಯೋದು. 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ಒಂದು ಮೆಡಿಕಲ್ ಕಾಲೇಜಲ್ಲಿ ಜಾನ್ ಕಬಟ್-ಜಿನ್ ಅನ್ನೋರು ರೋಗಿಗಳಿಗೆ ಶುರು ಮಾಡಿದ ಕೋರ್ಸಲ್ಲಿ ಇದನ್ನ ಮಾಡಿಸ್ತಾರೆ. ಬೇರು ಹುಡುಕ್ಕೊಂಡು ಹೋದ್ರೆ ಪಾಲಿ ಭಾಷೆಯ ‘ಸತಿ’, ಅಂದ್ರೆ ಎಚ್ಚರದ ಅರಿವು, ಬುದ್ಧನ ಕಡೇದು, ಅಮೆರಿಕ ಸುತ್ಕೊಂಡು ಪಿಪಿಟಿ ಆಗಿ ವಾಪಸ್ ಬಂದಿದೆ ಅನ್ಕೋ. ಜರ್ಮನಿ ಹುಡುಗರು ಭಕ್ತಿಯಿಂದ ಕಣ್ಮುಚ್ಚಿದ್ರು. ನಮ್ಮ ದ್ರಾಕ್ಷಿ ತೋಟದ ಮನೆ ಹುಡುಗಿ ಒಬ್ಳು ಕೈ ಎತ್ತಿ, ‘ಸಾರ್ ಇದು ನಮ್ ಕಡೇದಲ್ಲ, ಬಿಜಾಪುರದ್ದು, ನಮ್ಮ ಬೆಂಗಳೂರು ಬ್ಲೂಲಿ ಬೀಜ ಇರುತ್ತೆ, ಅದನ್ನ ಒಣಗ್ಸಲ್ಲ’ ಅಂದ್ಳು. ಎಲ್ರೂ ನಕ್ಬಿಟ್ವಿ, ನಾನೂ ನಕ್ಕೆ. ಇಡೀ ರೂಮಲ್ಲಿ ದ್ರಾಕ್ಷಿ ನೋಡಿದ್ದು ಅವಳೊಬ್ಳೇ ಅಂತ ರಾತ್ರಿ ಮಲಗ್ದಾಗ ಹೊಳೀತು.

ಎರಡನೇ ದಿನ ಘನತೆ. 1948ರ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ, ಅದರ ಮೊದಲ್ನೇ ಕಲಮಲ್ಲಿ ‘ಎಲ್ಲ ಗಂಡಸರು’ ಅಂತ ಅರ್ಥ ಆಗೋ ಹಾಗಿದ್ದ ಮಾತನ್ನ ‘ಎಲ್ಲ ಮನುಷ್ಯರು’ ಅಂತ ಮಾಡ್ಸೋಕೆ ಹಟ ಹಿಡಿದ ಭಾರತದ ಪ್ರತಿನಿಧಿ, ನಮ್ಮ ಹಂಸಾ ಮೆಹ್ತಾ, ನಮ್ಮ ಸಂವಿಧಾನದ ಪೀಠಿಕೇಲಿರೋ ‘ವ್ಯಕ್ತಿ ಗೌರವ’, ಎಲ್ಲಾ ಚೆನ್ನಾಗೇ ಹೇಳ್ದೆ, ಚಪ್ಪಾಳೇನೂ ಬಂತು.

ಮೂರನೇ ದಿನ ರೇಷ್ಮೆ ಗೂಡಿಂದ ನೂಲು ತೆಗೆಯೋ ರೀಲಿಂಗ್ ಯೂನಿಟ್ಟಿಗೆ ಕರ್ಕೊಂಡ್ಹೋದೆ. ಬಾಗ್ಲಲ್ಲೇ ಬೆಂದ ಹುಳದ ವಾಸನೆ, ಒಳಗೆ ಹಬೆ, ಸುಡೋ ನೀರಲ್ಲಿ ಗೂಡು, ಆ ನೀರಿಗೇ ಕೈ ಹಾಕ್ಕೊಂಡು ಕೂತಿದ್ದ ಆಪಾ (ಉರ್ದುಲಿ ಅಕ್ಕ) ಒಬ್ರು, ಬೆರಳ ತುದಿ ಬಿಳಿಚಿಕೊಂಡು ಚರ್ಮ ಎದ್ದಿತ್ತು. ನಮ್ಮ ಹುಡುಗ್ರು ಫಾರಿನ್ನೋರು ಅಂತ ಭೇದ ಇಲ್ದೆ ಎಲ್ಲಾ ಮೊಬೈಲ್ ತೆಗೆದ್ರು, ನಾನೂ ಅವರ ಕೈ ತೋರಿಸ್ಕೊಂಡು ವಿವರಣೆ ಕೊಡ್ತಾನೇ ಇದ್ದೆ, ಗೂಡಿನ ಅಂಟು ಬಿಡೋಕೆ ಬಿಸಿನೀರು ಬೇಕು, ಒಂದು ಗೂಡಲ್ಲಿ ನೂರಾರು ಮೀಟರ್ ಎಳೆ ಇರುತ್ತೆ ಅಂತ. ಆಪಾ ಕೈ ಕೆಲಸ ನಿಲ್ಲಿಸ್ಲಿಲ್ಲ, ತಲೆ ಎತ್ತಿ ಕೇಳಿದ್ರು: ‘ಸಾರ್ ನೀವು ಮೇಷ್ಟ್ರಲ್ವಾ, ಬಂದು ಅರ್ಧ ಗಂಟೆ ಆಯ್ತು, ನನ್ನ ಹೆಸ್ರೇನು ಹೇಳಿ?’

ನನ್ನ ಬಾಯಿ ಕಟ್ಟೋಯ್ತು ಕಣೋ.

ಆಮೇಲೆ ಹೆಸರು ಹೇಳಿದ್ರು, ಇಲ್ಲಿ ಬರೆಯಲ್ಲ, ಅದಕ್ಕೂ ಅವರನ್ನ ಕೇಳಿಲ್ಲ. ಪಕ್ಕದ ಬೇಸಿನ್‌ಗೆ ನನ್ನೇ ಕೂರಿಸಿದ್ರು. ಏಳೆಂಟು ಗೂಡಿನ ಎಳೆ ಸೇರಿ ಒಂದು ನೂಲು ಆಗುತ್ತಲ್ಲ, ಅದರಲ್ಲಿ ಒಂದು ಮುಗೀತು ಅಂದ್ರೆ ತಕ್ಷಣ ಇನ್ನೊಂದರ ಎಳೆ ಹಾಕ್ಬೇಕು, ಇಲ್ದಿದ್ರೆ ನೂಲು ಸಣ್ಣ ಆಗಿ ರೇಟ್ ಬೀಳುತ್ತೆ. ನಂಗೆ ಎಳೆಯ ತುದೀನೇ ಕಾಣ್ಲಿಲ್ಲ, ಬೆರಳು ಸುಟ್ಟಿದ್ದೇ ಬಂತು. ‘ಧ್ಯಾನ್ ಕಿಧರ್ ಹೈ ಸಾರ್?’, ಗಮನ ಎಲ್ಲಿದೆ ಅಂತ ಉರ್ದುಲಿ ಕೇಳಿ ನಕ್ಕರು. ನಮ್ಮಮ್ಮ ಹಾಲು ಉಕ್ಕಿದಾಗೆಲ್ಲ ‘ಗ್ಯಾನ ಎಲ್ಲೈತೋ ನಿಂಗೆ’ ಅಂತ ಬೈತಿದ್ರಲ್ಲ, ಪಕ್ಕದ್ಮನೆ ತೆಲುಗಿನ ಅಜ್ಜಿ ‘ಧ್ಯಾಸ ಎಕ್ಕಡುಂದಿರಾ’ ಅಂತಿತ್ತು. ಮೈಂಡ್‌ಫುಲ್‌ನೆಸ್ಸಿಗೆ ಕನ್ನಡ ಏನು ಅಂತ ನಾವು ವಾರಗಟ್ಲೆ ತಲೆ ಕೆಡಿಸ್ಕೊಂಡಿದ್ವಿ ನೋಡು, ಮೂರು ಭಾಷೆಲೂ ಬೈಗುಳದಲ್ಲೇ ಇತ್ತು!

ಜರ್ಮನಿ ಹುಡುಗಿ ಒಬ್ಳು ಫೋನ್ ಒಳಗಿಟ್ಟು ನೆಲದ್ಮೇಲೆ ಕೂತು ದಿನಕ್ಕೆ ಕೂಲಿ ಎಷ್ಟು ಅಂತ ಕೇಳಿದ್ಳು. ಆಪಾ ಹೇಳಿ, ನಿಮ್ಮೂರಲ್ಲಿ ಇಷ್ಟು ಹೊತ್ತು ದುಡಿದ್ರೆ ಎಷ್ಟು ಬರುತ್ತೆ ಅಂತ ತಿರುಗಿ ಕೇಳಿದ್ರು. ಹುಡುಗಿ ಹೇಳಿದ ಮೊತ್ತ ಟ್ರಾನ್ಸ್‌ಲೇಟ್ ಮಾಡೋವಾಗ ಸ್ವಲ್ಪ ಕಮ್ಮಿ ಹೇಳ್ಬಿಡೋಣ ಅನ್ಸಿತ್ತು, ಆಮೇಲೆ ಇದ್ದಿದ್ದೇ ಹೇಳ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ರಾಟೆ ಸದ್ದು ಬಿಟ್ರೆ. ಆ ಸಂಜೆ ಕ್ಲಾಸ್ ಇಡ್ಲಿಲ್ಲ.

ನೀನು ದ್ರಾಕ್ಷಿ ತರ್ಬೇಡ. ತಿಪಟೂರು ಕಡೆ ಕೊಬ್ಬರಿ ಮಾಡೋ ಮನೆಗೆ ಕರ್ಕೊಂಡ್ಹೋಗು, ಅಟ್ಟದ ಮೇಲೆ ತಿಂಗಳುಗಟ್ಲೆ ಒಣಗಿದ ಕಾಯಿನ ಕಿವಿ ಹತ್ರ ಅಲ್ಲಾಡ್ಸಿ, ಒಳಗೆ ಕೊಬ್ಬರಿ ಗಿಟಕು ಲೊಟಲೊಟ ಅನ್ನುತ್ತಾ ಅಂತ ಕೇಳ್ತಾರಲ್ಲ, ಅದನ್ನ ಕಲೀಲಿ, ಅವರೇ ಕಲಿಸ್ಲಿ, ಅವರ ಆ ದಿನದ ಕೂಲೀನ ಕ್ಯಾಂಪ್ ದುಡ್ಡಲ್ಲಿ ಕೊಡು, ಊಟ ಅವರ ಜೊತೆಗೇ ಇಟ್ಕೋ. ಅದಕ್ಕೂ ಮುಂಚೆ ಮಕ್ಕಳಿಲ್ದೆ ನೀನೊಬ್ನೇ ಹೋಗಿ ಒಂದಿನ ಕೂತು ಬಾ.

ಆ ದಿನ ತೆಗೆದ ಫೋಟೋಗಳಲ್ಲಿ ಆಪಾಗೆ ಒಂದು ಇಷ್ಟ ಆಗಿತ್ತು, ಮಗಳ ಮದುವೆ ಮನೇಲಿ ಹಾಕ್ತೀನಿ, ಪ್ರಿಂಟ್ ಕೊಡಿ ಅಂದಿದ್ರು. ಪ್ರಿಂಟ್ ಹಾಕ್ಸಿ ಎರಡು ವಾರ ಆಯ್ತು, ಇನ್ನೂ ನನ್ನ ಬ್ಯಾಗಲ್ಲೇ ಇದೆ. ನಾಳೆ ಹೋಗ್ಬೇಕು.

ನಿನ್ನ ಗೆಳೆಯ