ರೀಸ್ಟಾರ್ಟ್ ಮಾಡುವ ಮೊದಲು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ಧಾರಣೆ ಸೈಟ್ ಈ ವಾರ ಮೂರು ಸಲ ನಿಂತುಹೋಯಿತು. ಚನ್ನಗಿರಿ ಕಡೆಯ ರೈತರು ಬೆಳಿಗ್ಗೆ ರೇಟ್ ನೋಡಿಯೇ ಮಾಲು ಹೊರಡಿಸೋದು. ಅವರಿಗೆ ಖಾಲಿ ಪುಟ ತೋರಿಸೋಕೆ ನನಗೆ ಮನಸ್ಸು ಒಪ್ಪಲ್ಲ.

ನಿನ್ನೆ ರಾತ್ರಿ ಕೂತು ಹುಡುಕಿದೆ. ವರ್ಕರ್, ಅಂದ್ರೆ ಸೈಟಿನ ಪುಟ ಕೊಡುವ ಪ್ರೋಸೆಸ್, ಶುರುವಾದಾಗ ಅದರ ಮೆಮೊರಿ 80 ಎಂಬಿ, ಸಂಜೆಗೆ 600 ದಾಟಿತ್ತು. ಮೆಮೊರಿ ಒಮ್ಮೆ ಏರಿ ಅಲ್ಲೇ ನಿಂತರೆ ಗಾಬರಿ ಬೇಡ, ಪೈಥಾನ್ ಬಿಟ್ಟ ಜಾಗವನ್ನೆಲ್ಲ ಕೂಡಲೇ ಸಿಸ್ಟಂಗೆ ವಾಪಸ್ ಕೊಡಲ್ಲ. ಒಂದೇ ಪುಟವನ್ನು ಸಾವಿರ ಸಲ ಕರೆದು, ಮತ್ತೆ ಸಾವಿರ ಸಲ ಕರೆದಾಗಲೂ ಏರುತ್ತಲೇ ಇದ್ದರೆ ಮೆಮೊರಿ ಸೋರಿಕೆ (ಬೇಡವಾದ ಜಾಗವನ್ನು ಬಿಡದೇ ಹಿಡಿದಿರೋದು) ಅಂತ ಅನುಮಾನಿಸಿ.

ಪೈಥಾನ್ 3.4ರಿಂದ ಜೊತೆಗೇ ಬರುವ, ಕೋಡಿನ ಯಾವ ಸಾಲು ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಟ್ರೇಸ್‌ಮ್ಯಾಲಾಕ್ ಹಾಕಿ, ಕರೆಗಳಿಗೆ ಮೊದಲು ಒಂದು, ಆಮೇಲೊಂದು ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದೆ. ಮೊದಲ ಸಾಲಲ್ಲೇ ಸಿಕ್ಕಿತು: ಕ್ಯಾಶ್ (ಒಮ್ಮೆ ತಂದದ್ದನ್ನು ಮತ್ತೆ ಬಳಸಲು ಇಟ್ಟುಕೊಳ್ಳೋ ಜಾಗ) ಅಂತ ನಾವಿಟ್ಟಿದ್ದ ಗ್ಲೋಬಲ್ ಡಿಕ್ಷನರಿ, ಅಂದ್ರೆ ಕೀ ಕೊಟ್ಟು ಮಾಹಿತಿ ತೆಗೆಯುವ ಪಟ್ಟಿ. ಅದರ ಕೀಯಲ್ಲಿ ಮಾರುಕಟ್ಟೆ ಹೆಸರಿನ ಜೊತೆ ಮೈಕ್ರೋಸೆಕೆಂಡ್ ತನಕದ ಸಮಯವೂ ಸೇರಿತ್ತು. ಪ್ರತಿ ಕರೆಗೂ ಹೊಸ ಕೀ, ಹಳೆಯದು ಅಳಿಯೋದೇ ಇಲ್ಲ. ಡಿಕ್ಷನರಿ ಹಿಡಿದುಕೊಂಡಿರೋದನ್ನು, ಬೇಡವಾದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಮುಟ್ಟಲ್ಲ.

ಈಗ ಕೀಯಲ್ಲಿ ಮಾರುಕಟ್ಟೆ, ದಿನಾಂಕ ಮಾತ್ರ. ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ತೆಗೆದುಹಾಕುವ ಎಲ್‌ಆರ್‌ಯು ಕ್ಯಾಶ್‌ಗೆ 256 ನಮೂದುಗಳ ಮಿತಿ ಹಾಕಿದ್ದೇನೆ. ವರ್ಕರ್‌ಗಳನ್ನು ನಡೆಸುವ ಗುನಿಕಾರ್ನ್‌ನಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ಸ್ (ಇಷ್ಟು ಕರೆ ಆದಮೇಲೆ ವರ್ಕರ್ ತಾನೇ ರೀಸ್ಟಾರ್ಟ್ ಆಗುವ ಮಿತಿ) ಇಟ್ಟರೆ ಸಾಕಲ್ವಾ ಅಂತ ಇಬ್ಬರು ಕೇಳಿದ್ರಿ. ಸೋರುವ ಮಾಳಿಗೆ ಕೆಳಗೆ ಬಕೆಟ್ ಇಟ್ಟ ಹಾಗೆ ಅದು, ತೂತು ಹಾಗೇ ಇರುತ್ತೆ.

ದಯವಿಟ್ಟು ಸುಮ್ಮನೆ ರೀಸ್ಟಾರ್ಟ್ ಒತ್ತಬೇಡಿ, ಸಾಕ್ಷಿಯೆಲ್ಲ ಅಳಿಸಿಹೋಗುತ್ತೆ. ಮೊದಲು ಪ್ರೋಸೆಸ್‌ನ ಆರ್‌ಎಸ್‌ಎಸ್ ಅಂಕಿ (ಅದು ಆಗ RAMನಲ್ಲಿ ಹಿಡಿದಿರುವ ಮೆಮೊರಿ), ಸಮಯ ಇಲ್ಲಿ ಹಾಕಿ. ಭಾನುವಾರ ಪಿ.ಜೆ. ಬಡಾವಣೆಯ ರೂಮಿಗೆ ಬಂದರೆ ಸ್ನ್ಯಾಪ್‌ಶಾಟ್ ಹೋಲಿಸೋದನ್ನು ಕೂತು ತೋರಿಸ್ತೀನಿ.